ಮನೆಯ ವಿಡಿಯೊ ಸಂಕಲನಕ್ಕೆ ಡೆಸ್ಕ್‌ಟಾಪ್: ಹಣ ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು

ಕಂಪ್ಯೂಟರ್ ಅಂಗಡಿಗೆ ಹೋಗಿ ‘ಮನೆಯಲ್ಲಿ ವಿಡಿಯೊ ಎಡಿಟಿಂಗ್ ಮಾಡಲು ಒಂದು ಸಿಸ್ಟಂ ಬೇಕು’ ಎಂದರೆ ಮೊದಲು ಬರುವ ಪ್ರಶ್ನೆ ಬಜೆಟ್ ಎಷ್ಟು ಎಂಬುದು. ಎರಡನೆಯದು ಗ್ರಾಫಿಕ್ಸ್ ಕಾರ್ಡ್ ಎಷ್ಟು ಜಿಬಿಯದು ಹಾಕೋಣ ಎಂಬುದು. ನೀವು ಕತ್ತರಿಸಿ ಜೋಡಿಸಲಿರುವ ವಿಡಿಯೊ ಯಾವ ಫೋನಿನಿಂದ ಅಥವಾ ಕ್ಯಾಮೆರಾದಿಂದ, ಯಾವ ರೂಪದಲ್ಲಿ ಬರುತ್ತದೆ ಎಂದು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಯಂತ್ರದ ಆಯ್ಕೆ ನಿಂತಿರುವುದು ಈ ಕೇಳದೆ ಉಳಿದ ಪ್ರಶ್ನೆಯ ಮೇಲೆ.

ಇದನ್ನು ನಾನು ಹಣ ಕಳೆದುಕೊಂಡೇ ಕಲಿತೆ. ಆಳಂದದಲ್ಲಿ ನಡೆದ ಸಂಬಂಧಿಕರ ಮದುವೆಯನ್ನು ಮೂರು ಫೋನುಗಳಲ್ಲಿ ಚಿತ್ರಿಸಿಕೊಂಡು ಕಲಬುರಗಿಗೆ ಮರಳಿ, ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರಿದ್ದ ನನ್ನ ಹಳೆಯ ಕಂಪ್ಯೂಟರಿನಲ್ಲಿ ತೆರೆದಾಗ, ಅಕ್ಕಿಕಾಳು ಬೀಳುವ ದೃಶ್ಯ ನಿಂತು ನಿಂತು ಸಾಗಿತು. ವಾಲಗದ ಸದ್ದು ಮುಂದೆ ಹೋಗುತ್ತಿತ್ತು, ಅಕ್ಕಿ ಮಾತ್ರ ಗಾಳಿಯಲ್ಲೇ ನಿಂತಿರುತ್ತಿತ್ತು. ಒಬ್ಬ ಅಂಗಡಿಯವರ ಮಾತು ಕೇಳಿ 2 ಜಿಬಿಯ, ಹಳೆಯ ತಲೆಮಾರಿನ ಗ್ರಾಫಿಕ್ಸ್ ಕಾರ್ಡೊಂದನ್ನು ಹಾಕಿಸಿದೆ. ಏನೂ ಬದಲಾಗಲಿಲ್ಲ. ಬಳಿಕ ಹಾರ್ಡ್ ಡಿಸ್ಕ್ ತೆಗೆಸಿ, ಅದಕ್ಕಿಂತ ಬೇಗ ಓದಿ ಬರೆಯುವ ಎಸ್‌ಎಸ್‌ಡಿ ಹಾಕಿಸಿದೆ. ಕಂಪ್ಯೂಟರ್ ಬೇಗ ಆನ್ ಆಗತೊಡಗಿತು, ಮದುವೆಯ ವಿಡಿಯೊ ಮೊದಲಿನಂತೆಯೇ ತಡವರಿಸಿತು. ಆ ಫೋನುಗಳು ವಿಡಿಯೊವನ್ನು ಬರೆದಿದ್ದದ್ದು ಎಚ್‌ಇವಿಸಿ ಎಂಬ ರೂಪದಲ್ಲಿ. ಅದನ್ನು ಬಿಡಿಸಿ ಓದುವ ಅಂಗ ಆ ಪ್ರೊಸೆಸರಿನಲ್ಲೂ ಇರಲಿಲ್ಲ, ಹೊಸದಾಗಿ ಹಾಕಿಸಿದ ಆ ಹಳೆಯ ಕಾರ್ಡಿನಲ್ಲೂ ಇರಲಿಲ್ಲ.

‘ಬಿಡಿಸಿ ಓದುವುದು’ ಎಂದರೇನು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಮುಂದಿನ ಎಲ್ಲ ಖರ್ಚಿನ ಲೆಕ್ಕವೂ ಇಲ್ಲಿಂದಲೇ ಹೊರಡುತ್ತದೆ. ಗಂಜಿನ, ಅಂದರೆ ಧಾನ್ಯದ ಮಾರುಕಟ್ಟೆಯ, ಅಡತಿ ಅಂಗಡಿಯ ಖಾತೆ ಪುಸ್ತಕವನ್ನು ನೆನೆಯಿರಿ. ಪುಟದ ಮೊದಲ ಸಾಲಿನಲ್ಲಿ ಗೋದಾಮಿನಲ್ಲಿರುವ ತೊಗರಿಯ ಒಟ್ಟು ಚೀಲಗಳ ಲೆಕ್ಕ ಪೂರ್ತಿಯಾಗಿ ಇರುತ್ತದೆ. ಕೆಳಗಿನ ಸಾಲುಗಳಲ್ಲಿ ಬಂದದ್ದೆಷ್ಟು, ಹೋದದ್ದೆಷ್ಟು ಎಂಬುದು ಮಾತ್ರ. ಹೀಗೆ ಬರೆದರೆ ಜಾಗ ಉಳಿಯುತ್ತದೆ. ಆದರೆ ಇಪ್ಪತ್ತನೆಯ ಸಾಲಿನ ಹೊತ್ತಿಗೆ ಗೋದಾಮಿನಲ್ಲಿ ಎಷ್ಟು ಚೀಲಗಳಿದ್ದವು ಎಂದು ತಿಳಿಯಬೇಕಾದರೆ ಮೊದಲ ಸಾಲಿನಿಂದ ಕೂಡಿ ಕಳೆಯುತ್ತ ಇಳಿದು ಬರಬೇಕು. ಫೋನಿನ ವಿಡಿಯೊ ಕೂಡ ಹೀಗೆಯೇ ಕಟ್ಟಿಕೊಂಡಿರುತ್ತದೆ. ಎಲ್ಲೋ ಒಂದು ಫ್ರೇಮ್ ಮಾತ್ರ ಪೂರ್ಣ ಚಿತ್ರ. ಅದರ ನಂತರ ಬರುವ ಹತ್ತಾರು ಫ್ರೇಮುಗಳು ಹಿಂದಿನದಕ್ಕಿಂತ ಏನು ಬದಲಾಯಿತು ಎಂಬ ಟಿಪ್ಪಣಿಗಳು. ಅವುಗಳಲ್ಲಿ ಕೆಲವು ಮುಂದೆ ಬರಲಿರುವ ಫ್ರೇಮನ್ನೂ ನೋಡಿಕೊಂಡು ಬರೆದಂಥವು, ಅಡತಿಯ ಯಾವ ಗುಮಾಸ್ತನೂ ಒಪ್ಪದ ಲೆಕ್ಕ ಅದು.

ವಿಡಿಯೊವನ್ನು ಮೊದಲಿನಿಂದ ಕೊನೆಯವರೆಗೆ ಸುಮ್ಮನೆ ನೋಡುವುದಾದರೆ ಇದರಿಂದ ಕಷ್ಟವಿಲ್ಲ, ಸಾಲಿನ ಹಿಂದೆ ಸಾಲು ಓದುತ್ತ ಹೋದರಾಯಿತು. ಸಂಕಲನದಲ್ಲಿ ನಾವು ಹಾಗೆ ನೋಡುವುದಿಲ್ಲ. ತುಣುಕುಗಳನ್ನು ಸಾಲಾಗಿ ಜೋಡಿಸುವ ಟೈಮ್‌ಲೈನಿನ ಮೇಲೆ ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತೇವೆ, ಒಂದೇ ಕ್ಷಣದಲ್ಲಿ ಎರಡು ಮೂರು ತುಣುಕುಗಳನ್ನು ಒಂದರ ಮೇಲೊಂದು ಇಡುತ್ತೇವೆ. ಪ್ರತಿ ಜಿಗಿತಕ್ಕೂ ಕಂಪ್ಯೂಟರ್ ಹತ್ತಿರದ ಪೂರ್ಣ ಫ್ರೇಮನ್ನು ಹುಡುಕಿ, ಅಲ್ಲಿಂದ ಲೆಕ್ಕ ಮಾಡುತ್ತ ಬರಬೇಕಾಗುತ್ತದೆ. 2003ರಲ್ಲಿ ಬಂದ ಎಚ್.264 ರೂಪದಲ್ಲಿ ಈ ಲೆಕ್ಕ ಸಾಧಾರಣ ಮಟ್ಟದ್ದಾಗಿತ್ತು. 2013ರ ಎಚ್‌ಇವಿಸಿ, ಅಂದರೆ ಎಚ್.265, ಕಡತವನ್ನು ಇನ್ನೂ ಚಿಕ್ಕದಾಗಿಸಿತು, ಲೆಕ್ಕವನ್ನು ಬಹಳ ಜಟಿಲಗೊಳಿಸಿತು. 2017ರಿಂದೀಚೆಗೆ ಐಫೋನುಗಳು ತಾವಾಗಿಯೇ ಈ ರೂಪದಲ್ಲಿ ಚಿತ್ರಿಸುತ್ತವೆ. ಆಂಡ್ರಾಯ್ಡ್ ಫೋನುಗಳಲ್ಲಿಯೂ ಈ ಆಯ್ಕೆ ಸಾಮಾನ್ಯ.

ಅಂಕಿಗಳಲ್ಲಿ ಹೇಳಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಸೆಕೆಂಡಿಗೆ 50 ಮೆಗಾಬಿಟ್ ಲೆಕ್ಕದಲ್ಲಿ ಬರೆದ 4ಕೆ ವಿಡಿಯೊ ಡಿಸ್ಕಿನಿಂದ ಕೇಳುವುದು ಸೆಕೆಂಡಿಗೆ 6.25 ಎಂಬಿ ಮಾತ್ರ. ಸಾಧಾರಣ ಹಾರ್ಡ್ ಡಿಸ್ಕ್ ಕೂಡ 100 ಎಂಬಿಗಿಂತ ಹೆಚ್ಚು ಕೊಡಬಲ್ಲದು. ಅದೇ ವಿಡಿಯೊ ಬಿಡಿಸಿಕೊಂಡ ಮೇಲೆ ಒಂದೊಂದು ಫ್ರೇಮಿನಲ್ಲಿ 3840 ಗುಣಿಸು 2160, ಅಂದರೆ ಸುಮಾರು 83 ಲಕ್ಷ ಚುಕ್ಕೆಗಳು. ಚುಕ್ಕೆಗೆ ನಾಲ್ಕು ಬೈಟ್ ಎಂದರೂ ಫ್ರೇಮಿಗೆ 33 ಎಂಬಿ, ಸೆಕೆಂಡಿಗೆ 30 ಫ್ರೇಮ್ ಎಂದರೆ ಹತ್ತಿರಹತ್ತಿರ 1 ಜಿಬಿ. ಆರು ಎಂಬಿಯ ಗಂಟನ್ನು ಸಾವಿರ ಎಂಬಿಯ ಚಿತ್ರವಾಗಿ ಬಿಡಿಸುವ ಕೆಲಸ ಪ್ರತಿ ಸೆಕೆಂಡೂ ನಡೆಯಬೇಕು. ನನ್ನ ಎಸ್‌ಎಸ್‌ಡಿ ಏಕೆ ಏನನ್ನೂ ಬದಲಿಸಲಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ.

ಹೀಗಾಗಿ ಅಂಗಡಿಗೆ ಹೋಗುವ ಮೊದಲು ಮಾಡಬೇಕಾದ ಕೆಲಸವೊಂದಿದೆ. ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ನಿಮ್ಮದೇ ಎರಡು ಮೂರು ವಿಡಿಯೊಗಳನ್ನು ತೆರೆದು ನೋಡಿ. ಚಿತ್ರದ ಅಳತೆ 1080 ಸಾಲಿನದೋ 4ಕೆಯೋ, ಸೆಕೆಂಡಿಗೆ ಎಷ್ಟು ಫ್ರೇಮ್, ರೂಪ ಎಚ್.264 ಅಥವಾ ಎಚ್‌ಇವಿಸಿ, ಬಣ್ಣದ ಆಳ (ಛಾಯೆಗಳನ್ನು ಎಷ್ಟು ಸೂಕ್ಷ್ಮವಾಗಿ ಬರೆದಿದೆ ಎಂಬುದು) 8 ಬಿಟ್ ಅಥವಾ 10 ಬಿಟ್, ಜೊತೆಗೆ 4:2:0 ಅಥವಾ 4:2:2 ಎಂಬ ಅಂಕಿ, ಇಷ್ಟನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಕೊನೆಯ ಅಂಕಿಯ ಅರ್ಥ ಸರಳ. ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ಏರಿಳಿತವನ್ನು ಗುರುತಿಸುವುದಿಲ್ಲವಾದ್ದರಿಂದ, 4:2:0 ರೂಪದಲ್ಲಿ ನಾಲ್ಕು ಚುಕ್ಕೆಗಳಿಗೆ ಒಂದೇ ಬಣ್ಣದ ಮಾಹಿತಿ ಇಟ್ಟಿರುತ್ತಾರೆ. 4:2:2 ರೂಪದಲ್ಲಿ ಎರಡು ಚುಕ್ಕೆಗಳಿಗೆ ಒಂದು. ಫೋನುಗಳು ಬಹುತೇಕ 4:2:0, ಮದುವೆ ಚಿತ್ರೀಕರಣದವರ ಕೈಯಲ್ಲಿರುವ ಕೆಲವು ಮಿರರ್‌ಲೆಸ್ ಕ್ಯಾಮೆರಾಗಳು 10 ಬಿಟ್ 4:2:2.

ಈಗ ಪ್ರೊಸೆಸರಿಗೆ ಬರೋಣ. ಗಂಟು ಬಿಡಿಸುವ ಕೆಲಸವನ್ನು ಪ್ರೊಸೆಸರಿನ ಸಾಮಾನ್ಯ ಕೋರುಗಳಿಂದಲೂ, ಅಂದರೆ ಎಲ್ಲ ಬಗೆಯ ಲೆಕ್ಕ ಮಾಡುವ ಘಟಕಗಳಿಂದಲೂ, ಮಾಡಿಸಬಹುದು, ಅದಕ್ಕೆಂದೇ ಕಟ್ಟಿದ ಪ್ರತ್ಯೇಕ ಅಂಗದಿಂದಲೂ ಮಾಡಿಸಬಹುದು. ಎರಡನೆಯ ದಾರಿ ಹಲವು ಪಟ್ಟು ಹಗುರ. ಇಂಟೆಲ್ 2011ರಿಂದ ತನ್ನ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಭಾಗದಲ್ಲಿ ಕ್ವಿಕ್ ಸಿಂಕ್ ಎಂಬ ಹೆಸರಿನಲ್ಲಿ ಇಂಥ ಅಂಗವನ್ನು ಕೊಡುತ್ತ ಬಂದಿದೆ. ಆರನೇ ತಲೆಮಾರಿನಲ್ಲಿ ಅದು 8 ಬಿಟ್ ಎಚ್‌ಇವಿಸಿಯನ್ನೂ, ಏಳನೆಯದರಲ್ಲಿ 10 ಬಿಟ್ ಎಚ್‌ಇವಿಸಿಯನ್ನೂ ಬಿಡಿಸಲು ಕಲಿಯಿತು. ಹನ್ನೆರಡನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು 10 ಬಿಟ್ 4:2:2 ಎಚ್‌ಇವಿಸಿಯನ್ನೂ ಬಿಡಿಸುತ್ತವೆ. ಈ ಕೊನೆಯ ಸಾಮರ್ಥ್ಯ ಎನ್ವಿಡಿಯಾದ ಗ್ರಾಫಿಕ್ಸ್ ಕಾರ್ಡುಗಳಿಗೆ ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ ಎಂಬುದನ್ನು ಕೇಳಿದರೆ, ಎಡಿಟಿಂಗ್ ಎಂದ ಕೂಡಲೇ ಕಾರ್ಡಿನ ಮಾತು ತೆಗೆಯುವವರು ಸ್ವಲ್ಪ ಅಚ್ಚರಿಪಡಬಹುದು.

ಇಲ್ಲೊಂದು ಅಕ್ಷರದ ಬಗ್ಗೆ ಎಚ್ಚರ ಬೇಕು. ಇಂಟೆಲ್ ಪ್ರೊಸೆಸರಿನ ಸಂಖ್ಯೆಯ ಕೊನೆಯಲ್ಲಿ ‘ಎಫ್’ ಇದ್ದರೆ ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ, ಹಾಗಾಗಿ ಕ್ವಿಕ್ ಸಿಂಕ್ ಕೂಡ ಇರುವುದಿಲ್ಲ. ಐ5-12400 ಮತ್ತು ಐ5-12400ಎಫ್ (ಸಂಖ್ಯೆಯ ಮೊದಲಿನ 12 ತಲೆಮಾರನ್ನು ಹೇಳುತ್ತದೆ) ಎರಡಕ್ಕೂ ಆರು ಕೋರುಗಳೇ, ವೇಗವೂ ಒಂದೇ. ಎರಡನೆಯದು ಸ್ವಲ್ಪ ಅಗ್ಗ. ಆಟಕ್ಕೆಂದು ಕಂಪ್ಯೂಟರ್ ಕಟ್ಟಿಸುವವರಿಗೆ ಆ ಉಳಿತಾಯ ಸರಿಯಾದದ್ದೇ, ಅವರು ಹೇಗಿದ್ದರೂ ಕಾರ್ಡ್ ಹಾಕುತ್ತಾರೆ. ಫೋನಿನ ವಿಡಿಯೊ ಕತ್ತರಿಸುವವರಿಗೆ ಅದು ತಪ್ಪು ಉಳಿತಾಯ. ನನ್ನನ್ನು ಕೇಳುವವರಿಗೆ ನಾನು ಹೇಳುವುದು ಎಫ್ ಇಲ್ಲದ ಐ5-12400 ಅಥವಾ ಅದರ ಮುಂದಿನ ತಲೆಮಾರುಗಳ ಸಮಾನ ದರ್ಜೆಯದು. ಹಣ ತೀರ ಕಡಿಮೆಯಿದ್ದು ವಿಡಿಯೊ 1080 ಸಾಲಿನದಾಗಿದ್ದರೆ ನಾಲ್ಕು ಕೋರಿನ ಐ3-12100 ಕೂಡ ನಡೆಯುತ್ತದೆ. 12, 13 ಮತ್ತು 14ನೇ ತಲೆಮಾರುಗಳು ಒಂದೇ ಬಗೆಯ ಸಾಕೆಟ್ಟಿನಲ್ಲಿ ಕೂರುವುದರಿಂದ, ಮದರ್‌ಬೋರ್ಡಿನ ಬಯೋಸ್, ಅಂದರೆ ಅದರೊಳಗಿನ ಮೂಲ ತಂತ್ರಾಂಶ, ಹೊಸದಾಗಿದ್ದರೆ, ಇಂದು ಐ3 ಹಾಕಿ ಮುಂದೆ ದೊಡ್ಡದನ್ನು ಕೂರಿಸುವ ದಾರಿಯೂ ಉಳಿದಿರುತ್ತದೆ.

ಎಎಂಡಿಯ ಪ್ರೊಸೆಸರುಗಳು ಕೀಳೆಂದು ಇದರರ್ಥವಲ್ಲ. ರೈಜೆನ್ 5 5600ಜಿಯಂಥವುಗಳಲ್ಲಿ ಒಳಗಿನ ಗ್ರಾಫಿಕ್ಸ್ ಇದೆ, ಅದು ಫೋನಿನ ಎಚ್‌ಇವಿಸಿಯನ್ನು ಬಿಡಿಸುತ್ತದೆ. ‘ಜಿ’ ಇಲ್ಲದ 5600ರಲ್ಲಿ ಅದು ಇಲ್ಲ. 2022ರಲ್ಲಿ ಬಂದ ಎಎಂ5 ಸಾಕೆಟ್ಟಿನ ಬೋರ್ಡುಗಳಿಗೆ ಮುಂದೆಯೂ ಹೊಸ ಪ್ರೊಸೆಸರುಗಳು ಬರಲಿವೆ, ಆದರೆ ಆ ಬೋರ್ಡುಗಳು ಹೊಸ ಬಗೆಯ ಡಿಡಿಆರ್5 ರ‍್ಯಾಮನ್ನೇ ಬೇಡುತ್ತವೆ. ಕಾರ್ಡ್ ಇಲ್ಲದೆ ಆರಂಭಿಸುವ ಮನೆಯವರಿಗೆ ಮಾತ್ರ ನನ್ನ ಒಲವು ಇಂಟೆಲ್ ಕಡೆಗಿದೆ, ಅದೂ ಕ್ವಿಕ್ ಸಿಂಕ್ ಕಾರಣಕ್ಕೆ.

ರ‍್ಯಾಮ್ 16 ಜಿಬಿಗಿಂತ ಕಡಿಮೆ ಬೇಡ. ಒಳಗಿನ ಗ್ರಾಫಿಕ್ಸ್ ತನ್ನ ಪಾಲನ್ನು ಇದರಿಂದಲೇ ತೆಗೆದುಕೊಳ್ಳುತ್ತದೆ, ವಿಂಡೋಸ್ ತನ್ನ ಪಾಲನ್ನು ತೆಗೆದುಕೊಳ್ಳುತ್ತದೆ, ಉಳಿದದ್ದು ಟೈಮ್‌ಲೈನಿಗೆ. 16 ಜಿಬಿಯ ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳು ಮೇಲು. ಎರಡು ದಾರಿಗಳಲ್ಲಿ ಏಕಕಾಲಕ್ಕೆ ಓಡಾಡುವುದರಿಂದ ವೇಗ ಹೆಚ್ಚುತ್ತದೆ, ಒಳಗಿನ ಗ್ರಾಫಿಕ್ಸ್ ಬಳಸುವವರಿಗೆ ಈ ವ್ಯತ್ಯಾಸ ಎದ್ದು ಕಾಣುತ್ತದೆ. 4ಕೆ ವಿಡಿಯೊ, ಬಣ್ಣದ ಕೆಲಸ, ಚಲಿಸುವ ಶೀರ್ಷಿಕೆಗಳು ಇದ್ದರೆ 32 ಜಿಬಿ ಬೇಕೆನಿಸುತ್ತದೆ. ದುರದೃಷ್ಟಕ್ಕೆ 2025ರ ಕೊನೆಯಿಂದ ರ‍್ಯಾಮ್ ಮತ್ತು ಎಸ್‌ಎಸ್‌ಡಿಗಳ ಬೆಲೆ ತೀವ್ರವಾಗಿ ಏರಿದೆ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಕೊಂಡು ಹಾಕುತ್ತಿರುವುದೇ ಇದಕ್ಕೆ ಮುಖ್ಯ ಕಾರಣ. ಹಾಗಾಗಿ ಹಳೆಯ ಯೂಟ್ಯೂಬ್ ವಿಡಿಯೊಗಳಲ್ಲಿ ಹೇಳಿದ ದರಪಟ್ಟಿಯನ್ನು ನಂಬಿಕೊಂಡು ಅಂಗಡಿಗೆ ಹೋಗಬೇಡಿ. ನಾಲ್ಕು ಖಾನೆಗಳಿರುವ ಬೋರ್ಡ್ ತೆಗೆದುಕೊಂಡು, ಎರಡು ಖಾನೆ ತುಂಬಿಸಿ, ಎರಡನ್ನು ಬೆಲೆ ಇಳಿಯುವ ಕಾಲಕ್ಕೆ ಖಾಲಿ ಬಿಡುವುದು ಈಗ ಮಾಡಬಹುದಾದ ಜಾಣತನ.

ಗ್ರಾಫಿಕ್ಸ್ ಕಾರ್ಡ್ ಯಾವಾಗ ಬೇಕು? ಕತ್ತರಿಸುವುದು, ಜೋಡಿಸುವುದು, ಹಿನ್ನೆಲೆಗೆ ಹಾಡು ಹಾಕುವುದು, ಹೆಸರು ಮೂಡಿಸುವುದು ಇಷ್ಟೇ ಆದರೆ ಬೇಡ. ಬಣ್ಣ ತಿದ್ದುವುದು, ಮಂಜು ಮಾಡುವುದು, ಕತ್ತಲಲ್ಲಿ ತೆಗೆದ ಚಿತ್ರದಲ್ಲಿ ಮೂಡುವ ಕಾಳುಕಾಳಾದ ಕಲೆಗಳನ್ನು ಅಳಿಸುವುದು ಇಂಥ ಕೆಲಸಗಳು ಕಾರ್ಡಿನ ಪಾಲಿನವು. ಡಾವಿಂಚಿ ರಿಸಾಲ್ವ್ ಎಂಬ ಸಂಕಲನ ತಂತ್ರಾಂಶ ಬಳಸುವವರಿಗೆ ಕಾರ್ಡ್ ಬಹುತೇಕ ಅನಿವಾರ್ಯ. ಆ ತಂತ್ರಾಂಶ ಒಳಗೊಳಗೆ ಪ್ರತಿ ಬಣ್ಣಕ್ಕೂ 32 ಬಿಟ್ಟಿನ ಲೆಕ್ಕ ಇಟ್ಟುಕೊಳ್ಳುವುದರಿಂದ, ಮೇಲೆ 33 ಎಂಬಿ ಎಂದ 4ಕೆ ಫ್ರೇಮ್ ಅಲ್ಲಿ ಸುಮಾರು 133 ಎಂಬಿ ಆಗುತ್ತದೆ; ಒಂದರ ಮೇಲೊಂದು ಪರಿಣಾಮಗಳನ್ನು ಹೇರಿದರೆ ಇಂಥ ಹಲವು ಫ್ರೇಮುಗಳು ಏಕಕಾಲಕ್ಕೆ ಕಾರ್ಡಿನ ಮೆಮೊರಿಯಲ್ಲಿ ಕೂತಿರಬೇಕಾಗುತ್ತದೆ. 4 ಜಿಬಿ ಅಲ್ಲಿ ಬೇಗ ತುಂಬಿ, ಮೆಮೊರಿ ಸಾಲದು ಎಂಬ ಸೂಚನೆ ಪರದೆಯ ಮೇಲೆ ಬರುತ್ತದೆ. 6 ಅಥವಾ 8 ಜಿಬಿಯ ಕಾರ್ಡ್ ಕೊಳ್ಳಲಾಗದಿದ್ದರೆ ಸದ್ಯಕ್ಕೆ ಕಾರ್ಡನ್ನೇ ಕೊಳ್ಳದೆ ಇರುವುದು ಲೇಸು.

ಜಿಬಿಯ ಲೆಕ್ಕವೊಂದನ್ನೇ ನೋಡಿ ಕಾರ್ಡ್ ತೆಗೆದುಕೊಳ್ಳುವುದು ಚೀಲ ಎಣಿಸಿ ತೊಗರಿ ಕೊಂಡಂತೆ, ಒಳಗಿನ ಕಾಳು ನೋಡಬೇಡವೇ? ಜಿಟಿ 1030 ಎಂಬ ಕಾರ್ಡನ್ನು ಎಡಿಟಿಂಗಿಗೆಂದು ಕೊಂಡವರನ್ನು ನಾನು ಬಲ್ಲೆ. ಅದರಲ್ಲಿ ವಿಡಿಯೊ ಬಿಡಿಸುವ ಅಂಗವಿದೆ, ಆದರೆ ಕೊನೆಯಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ವಿಡಿಯೊವನ್ನು ಮತ್ತೆ ಕಟ್ಟುವ ಅಂಗ ಇಲ್ಲವೇ ಇಲ್ಲ. ಕಡಿಮೆ ಬೆಲೆಯ ಸಾಲಿನಲ್ಲಿ ನೋಡಬಹುದಾದವು ಎಂದರೆ 6 ಜಿಬಿಯ ಆರ್‌ಟಿಎಕ್ಸ್ 3050, ಇಂಟೆಲ್‌ನ ಆರ್ಕ್ ಎ380. ಎರಡೂ 75 ವಾಟಿನೊಳಗೇ ನಡೆಯುವಂಥವು, ಹಾಗಾಗಿ ದೊಡ್ಡ ಪವರ್ ಸಪ್ಲೈ ಕೇಳುವುದಿಲ್ಲ. ಆರ್ಕ್ ಕಾರ್ಡ್ ಹಾಕುವುದಾದರೆ ಬೋರ್ಡಿನಲ್ಲಿ ರಿಸೈಜಬಲ್ ಬಾರ್ ಎಂಬ ಸೌಲಭ್ಯ ಇರಲೇಬೇಕು. ಹಳೆಯ ಬೋರ್ಡುಗಳಲ್ಲಿ ಅದು ಇರುವುದಿಲ್ಲ.

ಡಿಸ್ಕಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ವಿಂಡೋಸ್, ತಂತ್ರಾಂಶಗಳು ಮತ್ತು ನಡೆಯುತ್ತಿರುವ ಕೆಲಸಕ್ಕೆ 500 ಜಿಬಿ ಅಥವಾ 1 ಟಿಬಿಯ, ಬೋರ್ಡಿನಲ್ಲೇ ನೇರವಾಗಿ ಕೂರುವ ಎನ್‌ವಿಎಂಇ ಎಸ್‌ಎಸ್‌ಡಿ, ಮುಗಿದ ಕೆಲಸಕ್ಕೆ ಹಾರ್ಡ್ ಡಿಸ್ಕ್. ಈ ಎಸ್‌ಎಸ್‌ಡಿ ಬಳಸುವ ಪಿಸಿಐಇ ಸಂಪರ್ಕದ ಮೂರನೇ ತಲೆಮಾರಿನ ವೇಗವೇ ಧಾರಾಳವಾಗಿ ಸಾಲುತ್ತದೆ, ಐದನೆಯದಕ್ಕೆ ಹಣ ಕೊಡುವುದು ವ್ಯರ್ಥ. ಜಾಗದ ಲೆಕ್ಕ ಮಾತ್ರ ಮೊದಲೇ ಹಾಕಿಕೊಳ್ಳಬೇಕು: 50 ಮೆಗಾಬಿಟ್ಟಿನ ವಿಡಿಯೊ ಗಂಟೆಗೆ 22.5 ಜಿಬಿ. ಶರಣಬಸವೇಶ್ವರರ ಜಾತ್ರೆಯ ರಥೋತ್ಸವವನ್ನು ಮೂರು ಫೋನುಗಳಲ್ಲಿ ನಾಲ್ಕು ನಾಲ್ಕು ಗಂಟೆ ಚಿತ್ರಿಸಿದರೆ 270 ಜಿಬಿ ಆಗುತ್ತದೆ. ಅದನ್ನು ಇನ್ನೊಂದು ಹೊರಗಿನ ಡಿಸ್ಕಿನಲ್ಲಿ ನಕಲು ಮಾಡಿ ಇಡುವ ಖರ್ಚನ್ನೂ ಬಜೆಟ್ಟಿನೊಳಗೇ ಸೇರಿಸಿ.

ಕಡಿಮೆ ಹಣದ ಯಂತ್ರದಿಂದ ದೊಡ್ಡ ಕೆಲಸ ತೆಗೆಯುವ ಉಪಾಯ ಪ್ರಾಕ್ಸಿ. ಇದು ಯಾವ ಅಂಗಡಿಯಲ್ಲೂ ಮಾರಾಟಕ್ಕಿಲ್ಲದಿರುವುದರಿಂದಲೋ ಏನೋ, ಇದರ ಬಗ್ಗೆ ಮಾತು ಕಡಿಮೆ. ಸಂಕಲನ ಆರಂಭಿಸುವ ಮುನ್ನ ಪ್ರತಿ 4ಕೆ ತುಣುಕಿಗೂ 720 ಅಥವಾ 540 ಸಾಲಿನ ಒಂದು ಚಿಕ್ಕ ನಕಲನ್ನು ತಂತ್ರಾಂಶವೇ ತಯಾರಿಸಿಕೊಳ್ಳುತ್ತದೆ. ಆ ನಕಲು ಖಾತೆ ಪುಸ್ತಕದ ಕ್ರಮದಲ್ಲಿ ಇರುವುದಿಲ್ಲ. ಪ್ರೊರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಎಂಬ ರೂಪಗಳಲ್ಲಿ ಪ್ರತಿ ಸಾಲಿನಲ್ಲಿಯೂ ಗೋದಾಮಿನ ಪೂರ್ತಿ ಲೆಕ್ಕ ಬರೆದಿರುತ್ತದೆ. ಹಾಗಾಗಿ ಎಲ್ಲಿ ಬೇಕಾದರೂ ಜಿಗಿಯಬಹುದು, ಹಳೆಯ ಯಂತ್ರವೂ ಸರಾಗವಾಗಿ ತೋರಿಸುತ್ತದೆ. ನೀವು ಚಿಕ್ಕ ನಕಲಿನ ಮೇಲೆ ಕತ್ತರಿಸಿ ಜೋಡಿಸುತ್ತೀರಿ. ಕೊನೆಯಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ತಂತ್ರಾಂಶ ಮೂಲ 4ಕೆ ಕಡತವನ್ನೇ ಎತ್ತಿಕೊಳ್ಳುತ್ತದೆ. ಗುಣಮಟ್ಟ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಪ್ರತಿ ಫ್ರೇಮ್ ಪೂರ್ಣವಾಗಿ ಬರೆದಿರುವುದರಿಂದ ನಕಲುಗಳು ಅಳತೆಗೆ ಚಿಕ್ಕವಾದರೂ ಡಿಸ್ಕಿನಲ್ಲಿ ತಕ್ಕಷ್ಟು ಜಾಗ ಹಿಡಿಯುತ್ತವೆ, ಅವುಗಳನ್ನು ತಯಾರಿಸಲು ಸಮಯವೂ ಬೇಕು. ರಾತ್ರಿ ಊಟವಾದ ಮೇಲೆ ಹಚ್ಚಿ ಮಲಗಿದರೆ ಬೆಳಿಗ್ಗೆ ಸಿದ್ಧವಾಗಿರುತ್ತವೆ. ಉಚಿತವಾಗಿ ಸಿಗುವ ಕೆಡೆನ್‌ಲೈವ್, ಶಾಟ್‌ಕಟ್ ಮತ್ತು ಡಾವಿಂಚಿ ರಿಸಾಲ್ವ್ ಮೂರರಲ್ಲಿಯೂ ಈ ಸೌಲಭ್ಯ ಇದೆ. ಎಚ್.264 ರೂಪದ 10 ಬಿಟ್ 4:2:2 ವಿಡಿಯೊವನ್ನು ಹನ್ನೆರಡನೇ ತಲೆಮಾರಿನ ಕ್ವಿಕ್ ಸಿಂಕ್ ಕೂಡ ಬಿಡಿಸಲಾರದು. ಅಂಥ ಕ್ಯಾಮೆರಾ ಇರುವವರಿಗೆ ಪ್ರಾಕ್ಸಿಯೇ ದಾರಿ.

ಫೋನಿನ ವಿಡಿಯೊದ ಇನ್ನೊಂದು ತೊಡಕಿಗೆ ಯಂತ್ರವನ್ನು ದೂರುವವರಿದ್ದಾರೆ. ಆರಂಭದಲ್ಲಿ ತುಟಿಯ ಚಲನೆಗೆ ಸರಿಹೊಂದಿದ್ದ ಮಾತು, ಹತ್ತು ನಿಮಿಷ ಕಳೆಯುವುದರಲ್ಲಿ ಹಿಂದೆ ಬೀಳುತ್ತದೆ. ಫೋನುಗಳು ಬೆಳಕಿಗೆ ತಕ್ಕಂತೆ ಸೆಕೆಂಡಿನ ಫ್ರೇಮುಗಳ ಸಂಖ್ಯೆಯನ್ನು ಏರಿಸಿ ಇಳಿಸುವುದರಿಂದ ಹೀಗಾಗುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಸ್ಥಿರ ಫ್ರೇಮ್ ದರಕ್ಕೆ ಪರಿವರ್ತಿಸಿಕೊಂಡರೆ ಸರಿಹೋಗುತ್ತದೆ. ಇದಕ್ಕಾಗಿ ಯಾವ ಬಿಡಿಭಾಗವನ್ನೂ ಬದಲಿಸಬೇಕಿಲ್ಲ.

ತಂತ್ರಾಂಶದ ಮಾತು ಬಂದಾಗ ಕನ್ನಡಿಗರು ಮೊದಲು ಪರೀಕ್ಷಿಸಬೇಕಾದದ್ದು ಒತ್ತಕ್ಷರ. ‘ಶ್ರೀಮತಿ’, ‘ಲಗ್ನಪತ್ರಿಕೆ’ ಎಂಬ ಎರಡು ಪದಗಳನ್ನು ಯೂನಿಕೋಡಿನಲ್ಲಿ ಶೀರ್ಷಿಕೆಯ ಪೆಟ್ಟಿಗೆಯಲ್ಲಿ ಟೈಪಿಸಿ ನೋಡಿ. ಒತ್ತುಗಳು ಒಡೆದು ಅರ್ಧಾಕ್ಷರದ ಗುರುತಿನೊಡನೆ ಬಿಡಿಬಿಡಿಯಾಗಿ ನಿಂತರೆ ಆ ತಂತ್ರಾಂಶದ ಅಕ್ಷರ ಜೋಡಣೆ ನಮ್ಮ ಲಿಪಿಗೆ ಸಿದ್ಧವಾಗಿಲ್ಲ ಎಂದರ್ಥ. ಪ್ರೀಮಿಯರ್ ಪ್ರೊದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆಯನ್ನು ಸೆಟ್ಟಿಂಗಿನಲ್ಲಿ ಆರಿಸಿಕೊಳ್ಳಬೇಕು. ಎಲ್ಲೂ ಆಗದಿದ್ದರೆ ಇಂಕ್‌ಸ್ಕೇಪಿನಲ್ಲಿ ಹೆಸರು ಬರೆದು, ಹಿನ್ನೆಲೆಯಿಲ್ಲದ ಚಿತ್ರವಾಗಿ ಉಳಿಸಿ, ವಿಡಿಯೊದ ಮೇಲೆ ಇಡಬಹುದು.

ಇಷ್ಟು ಎಲ್ಲ ಊರಿಗೂ ಅನ್ವಯಿಸುವ ಮಾತಾಯಿತು. ಕಲಬುರಗಿ, ಬೀದರ್, ಯಾದಗಿರಿಗಳಲ್ಲಿ ಇದಕ್ಕೆ ಬಿಸಿಲು, ದೂಳು ಮತ್ತು ಕರೆಂಟು ಸೇರಿಕೊಳ್ಳುತ್ತವೆ. ಪ್ರೊಸೆಸರಿನ ಮೇಲಿನ ಫ್ಯಾನು ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಂಪು ಮಾಡಲಾರದು, ಗಾಳಿಗಿಂತ ಇಷ್ಟು ಡಿಗ್ರಿ ಮೇಲೆ ಹಿಡಿದಿಡಬಲ್ಲದು, ಅಷ್ಟೆ. 22 ಡಿಗ್ರಿಯ ಕೋಣೆಯಲ್ಲಿ ಪರೀಕ್ಷಿಸಿ 70 ಡಿಗ್ರಿ ತೋರಿಸಿದ ಯಂತ್ರ, ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿಯ ಕೋಣೆಯಲ್ಲಿ 90ರ ಆಸುಪಾಸಿಗೆ ಬರುತ್ತದೆ. 100 ಡಿಗ್ರಿ ಮುಟ್ಟಿದರೆ ಇಂಟೆಲ್ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಒಂದು ಗಂಟೆಯ ಎಕ್ಸ್‌ಪೋರ್ಟ್ ಒಂದೂವರೆ ಗಂಟೆಯಾದರೆ ಆಶ್ಚರ್ಯವಿಲ್ಲ. ಲ್ಯಾಪ್‌ಟಾಪಿಗಿಂತ ಡೆಸ್ಕ್‌ಟಾಪ್ ನಮ್ಮ ಕಡೆ ಹೆಚ್ಚು ಯೋಗ್ಯ ಎನ್ನಲು ಇದೇ ದೊಡ್ಡ ಕಾರಣ. ಪೆಟ್ಟಿಗೆಯಲ್ಲಿ ಬರುವ ಚಿಕ್ಕ ಕೂಲರನ್ನು ಬಿಟ್ಟು ನಾಲ್ಕು ತಾಮ್ರದ ಕೊಳವೆಗಳ, 120 ಮಿಲಿಮೀಟರ್ ಫ್ಯಾನಿನ ಒಂದು ಟವರ್ ಕೂಲರ್ ಹಾಕಿಸುವುದು, ಮುಂಭಾಗ ಗಾಜಿನಿಂದ ಮುಚ್ಚಿರದ, ಜಾಲರಿಯಿರುವ ಕ್ಯಾಬಿನೆಟ್ ಆರಿಸುವುದು ಇಲ್ಲಿ ಶೋಕಿಯಲ್ಲ. ಬಣ್ಣ ಬಣ್ಣದ ದೀಪಗಳು ಶೋಕಿ.

ಬೇಸಿಗೆಯಲ್ಲಿ ಹೆಚ್ಚಿನ ಮನೆಗಳಲ್ಲಿ ಕಿಟಕಿಗೆ ನೀರಿನ ಕೂಲರ್ ಕೂರಿಸಿರುತ್ತಾರೆ. ಅದರ ಗಾಳಿ ನೇರವಾಗಿ ಬೀಸುವ ಕಡೆ ಕಂಪ್ಯೂಟರ್ ಇಟ್ಟರೆ ತಂಪಾದೀತೆಂದು ತೋರುವುದು ಸಹಜ. ಆದರೆ ಆ ಗಾಳಿಯ ತೇವ ಒಳಗಿನ ದೂಳಿನೊಡನೆ ಸೇರಿ ಫ್ಯಾನು ಮತ್ತು ತಗಡಿನ ಎಲೆಗಳ ಮೇಲೆ ಮೆತ್ತಿಕೊಳ್ಳುತ್ತದೆ. ಕೋಣೆ ತಂಪಾಗಲಿ, ಕ್ಯಾಬಿನೆಟ್ ಮಾತ್ರ ಕೂಲರಿನ ಗಾಳಿಯ ದಾರಿಯಿಂದ ಪಕ್ಕಕ್ಕೆ ಇರಲಿ. ದೂಳಿನ ಮಾತೂ ಸಣ್ಣದಲ್ಲ. ತೊಗರಿ ರಾಶಿಯ ಕಾಲದಲ್ಲಿ ಊರ ಸುತ್ತ ಹಾರುವ ಹೊಟ್ಟು, ಶಹಾಬಾದ್ ಕಡೆಯ ಕಲ್ಲಿನ ಪುಡಿ, ಮಳೆಯಿಲ್ಲದ ತಿಂಗಳುಗಳಲ್ಲಿ ಎರೆಮಣ್ಣಿನ ಸಣ್ಣ ದೂಳು ಎಲ್ಲವೂ ಒಳಗೆ ಬರುತ್ತವೆ. ತೆಗೆದು ತೊಳೆಯಬಹುದಾದ ಜಾಲರಿಯಿರುವ ಕ್ಯಾಬಿನೆಟ್ ತೆಗೆದುಕೊಳ್ಳಿ, ನೆಲದ ಮೇಲಿಡದೆ ಒಂದು ಮಣೆಯ ಮೇಲಿಡಿ, ಎರಡು ಮೂರು ತಿಂಗಳಿಗೊಮ್ಮೆ ಬ್ಲೋವರಿನಿಂದ ಊದಿಸಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡಿರಬೇಕು, ಅದು ಮನಸೋ ಇಚ್ಛೆ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಕರೆಂಟಿನ ವಿಷಯದಲ್ಲಿ ಕಂಜೂಸತನ ಬೇಡ. ಎರಡು ಗಂಟೆಯ ಎಕ್ಸ್‌ಪೋರ್ಟ್ ಶೇ 95ಕ್ಕೆ ಬಂದಾಗ ಕರೆಂಟು ಹೋದರೆ ಸಾಮಾನ್ಯವಾಗಿ ಮೊದಲಿನಿಂದ ಆರಂಭಿಸಬೇಕು. ಪ್ರಾಜೆಕ್ಟ್ ಕಡತವನ್ನು ಬರೆಯುತ್ತಿದ್ದ ಕ್ಷಣದಲ್ಲೇ ಹೋದರೆ ಕಡತವೇ ಕೆಡಬಹುದು. 600 ವಿಎ ಯುಪಿಎಸ್ ಎಂದರೆ 600 ವಾಟ್ ಅಲ್ಲ, ಅದು ಸಾಮಾನ್ಯವಾಗಿ 360 ವಾಟ್. ಕಾರ್ಡಿಲ್ಲದ ಐ5 ಯಂತ್ರ ಮತ್ತು ಮಾನಿಟರಿಗೆ ಅದು ಸಾಕು. ಕಾರ್ಡ್ ಹಾಕುವ ಯೋಚನೆ ಇದ್ದರೆ 1000 ವಿಎ ತೆಗೆದುಕೊಳ್ಳಿ. ಅಗ್ಗದ ಯುಪಿಎಸ್‌ಗಳು ಬ್ಯಾಟರಿಯ ಮೇಲೆ ಓಡುವಾಗ ಮೆಟ್ಟಿಲು ಮೆಟ್ಟಿಲಾದ ಅಲೆಯನ್ನು ಕೊಡುತ್ತವೆ, ಕೆಲವು ಒಳ್ಳೆಯ ಪವರ್ ಸಪ್ಲೈಗಳು ಅದಕ್ಕೆ ಒಗ್ಗದೆ ಆಫ್ ಆಗಿಬಿಡುತ್ತವೆ. ಕೊಳ್ಳುವಾಗ ಎರಡನ್ನೂ ಜೋಡಿಸಿ, ಪ್ಲಗ್ ಕಿತ್ತು ಪರೀಕ್ಷಿಸಿ. ಕ್ಯಾಬಿನೆಟ್ಟಿನೊಡನೆ ಉಚಿತವಾಗಿ ಬರುವ ಹೆಸರಿಲ್ಲದ ಪವರ್ ಸಪ್ಲೈ ಬೇಡ, 80 ಪ್ಲಸ್ ಬ್ರಾಂಜ್ ಎಂಬ ದಕ್ಷತೆಯ ಗುರುತಿರುವ 450 ಅಥವಾ 550 ವಾಟಿನದು ಇರಲಿ. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಂ ಎಂದರೆ ಮನೆಯ ಅರ್ಥಿಂಗ್ ಸರಿಯಿಲ್ಲ. ಕಂಪ್ಯೂಟರ್ ಕೊಳ್ಳುವುದಕ್ಕೂ ಮೊದಲು ಎಲೆಕ್ಟ್ರಿಷಿಯನ್ನನನ್ನು ಕರೆಸಿ.

ಮಾನಿಟರ್ 24 ಇಂಚಿನ, 1080 ಸಾಲಿನ ಐಪಿಎಸ್ ಪರದೆಯಾಗಿದ್ದು, ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣಶ್ರೇಣಿಯ ಬಣ್ಣಗಳಲ್ಲಿ ಶೇ 99ರಷ್ಟನ್ನು ತೋರಿಸುವಂತಿದ್ದರೆ ಮನೆಯ ಕೆಲಸಕ್ಕೆ ಏನೂ ಕೊರತೆಯಿಲ್ಲ.

ಕೈಯಲ್ಲಿ ಇನ್ನೂ ಕಡಿಮೆ ಹಣ ಇರುವವರು ಕಚೇರಿಗಳಿಂದ ಬಂದ ಹಳೆಯ ಕಂಪ್ಯೂಟರುಗಳನ್ನು ನೋಡುತ್ತಾರೆ, ಅದರಲ್ಲಿ ತಪ್ಪಿಲ್ಲ. ಗೆರೆ ಎಳೆಯಬೇಕಾದದ್ದು ಇಂಟೆಲ್‌ನ ಎಂಟನೇ ತಲೆಮಾರಿಗೆ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಅಧಿಕೃತವಾಗಿ ಬೇಡುವುದು ಬಹುಮಟ್ಟಿಗೆ ಎಂಟನೇ ತಲೆಮಾರು ಮತ್ತು ಅದರ ನಂತರದ್ದನ್ನು. ಆರು ಕೋರಿನ ಐ5-8500 ಇರುವ ಯಂತ್ರ ಫೋನಿನ 10 ಬಿಟ್ ಎಚ್‌ಇವಿಸಿಯನ್ನೂ ಬಿಡಿಸುತ್ತದೆ. ಆದರೆ ಇಂಥ ಬ್ರಾಂಡೆಡ್ ಯಂತ್ರಗಳ ಪವರ್ ಸಪ್ಲೈ ಮತ್ತು ಬೋರ್ಡ್ ಅನೇಕ ಬಾರಿ ಆ ಕಂಪನಿಯದೇ ಅಳತೆಯವು, ಮಾರುಕಟ್ಟೆಯ ಬಿಡಿಭಾಗ ಅವುಗಳಲ್ಲಿ ಕೂರುವುದಿಲ್ಲ. ತೆಳುವಾದ ಕ್ಯಾಬಿನೆಟ್ಟುಗಳಲ್ಲಿ ಅರ್ಧ ಎತ್ತರದ ಕಾರ್ಡ್ ಮಾತ್ರ ಹಿಡಿಸುತ್ತದೆ. ಲಿನಕ್ಸ್ ಹಾಕಿ ಕೆಡೆನ್‌ಲೈವ್ ಬಳಸುವ ದಾರಿಯೂ ಇದೆ. ಅಲ್ಲಿ ಡಾವಿಂಚಿ ರಿಸಾಲ್ವಿನ ಉಚಿತ ಆವೃತ್ತಿಯನ್ನು ನೆಚ್ಚಬೇಡಿ, ಲಿನಕ್ಸಿನಲ್ಲಿ ಅದು ಎಚ್.264 ಮತ್ತು ಎಚ್‌ಇವಿಸಿ ಕಡತಗಳನ್ನು ತೆರೆಯುವುದಿಲ್ಲ.

ಹಣ ಹಂಚುವ ಬಗೆ ಹೀಗಿರಲಿ ಎಂಬುದು ನನ್ನ ಅಂದಾಜು: ಕಾರ್ಡಿಲ್ಲದ ಯಂತ್ರಕ್ಕೆ ₹50 ಸಾವಿರ ಇಟ್ಟುಕೊಂಡಿದ್ದರೆ ಪ್ರೊಸೆಸರ್, ಬೋರ್ಡ್, ಕೂಲರ್ ಸೇರಿ ಅದರ ಐದನೇ ಎರಡು ಭಾಗ, ರ‍್ಯಾಮ್ ಮತ್ತು ಎಸ್‌ಎಸ್‌ಡಿಗೆ ನಾಲ್ಕನೇ ಒಂದು ಭಾಗ, ಈಗಿನ ದರದಲ್ಲಿ ಅದಕ್ಕಿಂತ ತುಸು ಹೆಚ್ಚು, ಉಳಿದದ್ದು ಮಾನಿಟರ್, ಪವರ್ ಸಪ್ಲೈ, ಕ್ಯಾಬಿನೆಟ್ ಮತ್ತು ಯುಪಿಎಸ್‌ಗೆ.

ಬೀದರಿನವರಿಗೆ ಹೈದರಾಬಾದ್ ಹತ್ತಿರ, ಹಾಗಾಗಿ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗಿ ಬಿಡಿಭಾಗ ತರುವ ರೂಢಿಯಿದೆ. ಕಲಬುರಗಿ, ಯಾದಗಿರಿಯವರೂ ಹೋಗುತ್ತಾರೆ. ದರದಲ್ಲಿ ಸಿಗುವ ವ್ಯತ್ಯಾಸವನ್ನು ಹೋಗಿಬರುವ ಖರ್ಚಿನೊಡನೆ ಮಾತ್ರವಲ್ಲ, ನಾಳೆ ರ‍್ಯಾಮ್ ಕೆಟ್ಟರೆ ಮತ್ತೆ ಅಷ್ಟೇ ದೂರ ಹೋಗಬೇಕಾದೀತು ಎಂಬುದರೊಡನೆಯೂ ತೂಗಿ ನೋಡಿ. ಎಲ್ಲಿ ಕೊಂಡರೂ ‘ಐ5, 16 ಜಿಬಿ, 512 ಎಸ್‌ಎಸ್‌ಡಿ’ ಎಂಬ ಒಂದೇ ಸಾಲಿನ ದರಪಟ್ಟಿಯನ್ನು ಒಪ್ಪಬೇಡಿ. ಪ್ರೊಸೆಸರಿನ ಪೂರ್ಣ ಸಂಖ್ಯೆ, ಬೋರ್ಡಿನ ಮಾದರಿ, ರ‍್ಯಾಮ್ ಒಂದು ಪಟ್ಟಿಯೋ ಎರಡೋ, ಪವರ್ ಸಪ್ಲೈಯ ಹೆಸರು ಎಲ್ಲವೂ ಬೇರೆ ಬೇರೆ ಸಾಲಿನಲ್ಲಿ ಬರೆದಿರಬೇಕು, ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ಸಂಖ್ಯೆಗಳಿರಬೇಕು. ಪೆಟ್ಟಿಗೆಯಲ್ಲಿ ಬರುವ ಪ್ರೊಸೆಸರಿಗೆ ಕಂಪನಿಯ ಮೂರು ವರ್ಷದ ವಾರಂಟಿ ಇರುತ್ತದೆ; ಪೆಟ್ಟಿಗೆಯಿಲ್ಲದೆ ಬಿಡಿಯಾಗಿ ಕೊಡುವುದಕ್ಕೆ ಅಂಗಡಿಯವರ ಮಾತೇ ವಾರಂಟಿ.

ಹಣ ಎಣಿಸುವ ಮೊದಲು, ಮನೆಯಿಂದ ಒಯ್ದ ಪೆನ್‌ಡ್ರೈವ್ ತೆಗೆಯಿರಿ. ಅದರಲ್ಲಿ ನಿಮ್ಮದೇ ಫೋನಿನ ಮೂರು ತುಣುಕುಗಳಿರಲಿ. ಒಂದು ಬೆಳಗಿನ ಬೆಳಕಿನದು, ಒಂದು ರಾತ್ರಿಯದು, ಒಂದು ನಿಮ್ಮಲ್ಲಿರುವ ಅತಿ ಭಾರವಾದದ್ದು. ಅವುಗಳನ್ನು ಹೊಸ ಯಂತ್ರಕ್ಕೆ ನಕಲಿಸಿ, ಟೈಮ್‌ಲೈನಿನ ಮೇಲೆ ಒಂದರ ಮೇಲೊಂದು ಇಟ್ಟು ಓಡಿಸುತ್ತ ಟಾಸ್ಕ್ ಮ್ಯಾನೇಜರಿನ ಜಿಪಿಯು ಪುಟವನ್ನು ತೆರೆಯಿರಿ. ಅಲ್ಲಿ ‘ವಿಡಿಯೊ ಡಿಕೋಡ್’ ಎಂಬ ಗೆರೆ ಮೇಲೇರಿ, ಸಿಪಿಯು ಗೆರೆ ಕೆಳಗೇ ಉಳಿದರೆ ಗಂಟು ಬಿಡಿಸುವ ಅಂಗ ತನ್ನ ಕೆಲಸ ಮಾಡುತ್ತಿದೆ. ಸಿಪಿಯು ಗೆರೆ ನೂರಕ್ಕೆ ಹೋಗಿ, ಡಿಕೋಡ್ ಗೆರೆ ನೆಲ ಹಿಡಿದು ಮಲಗಿದ್ದರೆ, ದರಪಟ್ಟಿಯಲ್ಲಿ ಪ್ರೊಸೆಸರಿನ ಸಂಖ್ಯೆಯ ಕೊನೆಯ ಅಕ್ಷರವನ್ನು ಇನ್ನೊಮ್ಮೆ ಓದಿ, ತಂತ್ರಾಂಶದ ಸೆಟ್ಟಿಂಗನ್ನೂ ಒಮ್ಮೆ ನೋಡಿ. ಎರಡೂ ಸರಿಯಾಗುವವರೆಗೆ ಹಣ ಜೇಬಿನಲ್ಲೇ ಇರಲಿ.